ಹಾಜಿರಾಬಿಯ ಹೆಬ್ಬೆಟ್ಟು

ಹಾಜಿರಾಬಿ ಸತ್ತು ಒಂಬತ್ತು ವರ್ಷವಾಯಿತು. ಆದರೂ ಆಕೆ ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಿದ್ದಳು.

ನಂಬದವರು ಭದ್ರಾವತಿಯ ಹೊಳೆಹೊನ್ನೂರು ರಸ್ತೆಯಲ್ಲಿರುವ ಎಲೆ-ತಂಬಾಕು ಕೊಟ್ಟು ಬೀಡಿ ಕಟ್ಟಿಸುವ ಬ್ರಾಂಚಿಗೆ ಹೋಗಿ ಪುಸ್ತಕ ನೋಡಲಿ. ದಪ್ಪ ರಟ್ಟಿನ ಆ ಪುಸ್ತಕದಲ್ಲಿ ಹಾಜಿರಾಬಿಯ ಹೆಸರಿದೆ. ಹೆಸರಿನ ಮುಂದೆ ದಿನದಿನದ ಹೆಬ್ಬೆಟ್ಟಿದೆ. ಹೆಬ್ಬೆಟ್ಟು ಮಾತ್ರ ಸೊಸೆ ಅಮೀರುನ್ನೀಸಾಳದು.

ಬೀಡಿ ಕಟ್ಟುವ ಮನೆಗಳಲ್ಲಿ ಇದೇನೂ ಕಳ್ಳತನವಲ್ಲ. ಮನೆಗೊಂದೇ ಬೀಡಿ ಕಾರ್ಡು. ಕಾರ್ಡು ಅತ್ತೆಯ ಹೆಸರಲ್ಲಿ, ಕೆಲಸ ಸೊಸೆಯ ಕೈಯಲ್ಲಿ, ಮಗಳ ಕೈಯಲ್ಲಿ, ಶಾಲೆಯಿಂದ ಬಂದ ಮೊಮ್ಮಗಳ ಕೈಯಲ್ಲಿ. ನಾಲ್ಕು ಜನ ದುಡಿದರೂ ಕಂಪನಿಯ ಲೆಕ್ಕಕ್ಕೆ ಒಬ್ಬಳೇ ಹೆಂಗಸು. ಅತ್ತೆಯ ನಲವತ್ತನೇ ದಿನದ ಫಾತಿಹಾ ಮುಗಿದ ಮೇಲೆ ಅಮೀರುನ್ನೀಸಾ ಬ್ರಾಂಚಿಗೆ ಹೋಗಿ, ಕಾರ್ಡನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಕೇಳಿದ್ದಳು. ಕಂಟ್ರಾಕ್ಟರ್ ಯೋಗರಾಜ್ ಎಲೆ ತೂಗುತ್ತಲೇ ಉತ್ತರ ಕೊಟ್ಟಿದ್ದ.

"ಹೊಸ ಕಾರ್ಡು ಬಂದ್ ಆಗಿದೆ ಅಮೀರಮ್ಮ. ಹಳೇದು ನಡೀತಿದೆಯಲ್ಲ, ನಡೀಲಿ ಬಿಡಿ. ಸತ್ತೋರೇನು ಎದ್ದು ಬಂದು ತಕರಾರು ಮಾಡ್ತಾರಾ?"

ಅಲ್ಲಿದ್ದವರು ನಕ್ಕರು. ಅಮೀರುನ್ನೀಸಾಳೂ ನಕ್ಕಳು. ಎಲೆ ಅವನ ಕೈಯಲ್ಲಿತ್ತು, ನಗದೆ ಏನು ಮಾಡುತ್ತಾಳೆ?

ಅವಳಿಗೀಗ ಐವತ್ತು. ಹದಿನಾರಕ್ಕೆ ಮದುವೆಯಾಗಿ ಬಂದ ಮೂರನೇ ದಿನ ಅತ್ತೆ ಅವಳ ತೊಡೆಯ ಮೇಲೆ ಎಲೆ-ತಂಬಾಕಿನ ಮೊರ ಇಟ್ಟಿದ್ದಳು. ಆ ಮೊರ ಮೂವತ್ತನಾಲ್ಕು ವರ್ಷದಿಂದ ಅಲ್ಲೇ ಇದೆ. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಬೇಕು. ತಂಬಾಕಿನ ಪುಡಿ ತುಂಬಬೇಕು. ಸುರುಳಿ ಸುತ್ತಬೇಕು. ತುದಿ ಮಡಚಿ ದಾರ ಬಿಗಿಯಬೇಕು. ಮತ್ತೆ ಎಲೆ, ಮತ್ತೆ ಪುಡಿ. ಬೆಳಿಗ್ಗೆ ಗೋಡೆಗೆ ಒರಗಿ ಕೂತರೆ ಸಂಜೆ ಏಳುವಾಗ ಸೊಂಟ ಏಳುವುದಿಲ್ಲ, ಗೋಡೆ ಹಿಡಿದು ಅದನ್ನು ಎಬ್ಬಿಸಬೇಕು. ಸುತ್ತಿ ಸುತ್ತಿ ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ರೇಷನ್ ಅಂಗಡಿಯ ಮೆಷಿನ್ನಿಗೆ ಅವಳ ಗುರುತೇ ಸಿಗುವುದಿಲ್ಲ. "ಒರೆಸಿ ಇನ್ನೊಂದ್ಸಲ ಒತ್ತಿ" ಎನ್ನುತ್ತಾರೆ. ಒರೆಸಲು ಅಲ್ಲಿ ಏನು ಉಳಿದಿದೆ?

ತನ್ನ ಸೊಂಟದ ಬಗ್ಗೆ ಅವಳಿಗೆ ದೂರಿರಲಿಲ್ಲ. ದೂರು ಇದ್ದದ್ದು ಮಗಳು ಮುಸರ್ರತ್‌ಳ ಕೆಮ್ಮಿನ ಬಗ್ಗೆ.

ಮುಸರ್ರತ್‌ಗೆ ಇಪ್ಪತ್ತನಾಲ್ಕು. ಪಿಯುಸಿ ಪಾಸು ಮಾಡಿದ್ದಳು. ಹತ್ತನೇ ವಯಸ್ಸಿಗೇ ಮೊರದ ಮುಂದೆ ಕೂತ ಹುಡುಗಿ. ಎರಡು ವರ್ಷದಿಂದ ಕೆಮ್ಮುತ್ತಿದ್ದಳು. ಹತ್ತು ಬೀಡಿ ಕಟ್ಟುವಷ್ಟರಲ್ಲಿ ಎರಡು ಸಲ ಮೊರ ಕೆಳಗಿಟ್ಟು ಎದೆ ಒತ್ತಿಕೊಳ್ಳುತ್ತಿದ್ದಳು. ಆಸ್ಪತ್ರೆಯ ಡಾಕ್ಟರು ಎದೆಯ ಚಿತ್ರ ತೆಗೆಸಿ ನೋಡಿ, "ಈ ಪುಡಿ ಬಿಟ್ರೆ ಉಳೀತೀಯ, ಬಿಡ್ಲಿಲ್ಲಾಂದ್ರೆ ನನ್ನ ಹತ್ರ ಮತ್ತೆ ಬರಬೇಡ" ಎಂದಿದ್ದರು. ಬಿಡುವುದು ಹೇಗೆಂದು ಅವರು ಚೀಟಿಯಲ್ಲಿ ಬರೆದುಕೊಡಲಿಲ್ಲ.

ಹಾಗಿರುವಾಗ ಒಂದು ದಿನ, ತಂಬಾಕು ಕಟ್ಟಿಕೊಟ್ಟ ಪೇಪರನ್ನು ಬಿಚ್ಚಿ ಓದುತ್ತಿದ್ದ ಮುಸರ್ರತ್ ಕೂಗಿಕೊಂಡಳು.

"ಅಮ್ಮೀ, ಕೇಳು ಇಲ್ಲಿ. ತಂಬಾಕು ಕಮ್ಮಿ ಮಾಡೋಕೆ ದುನಿಯಾದ ದೇಶಗಳೆಲ್ಲ ಒಂದು ಒಪ್ಪಂದ ಮಾಡ್ಕೊಂಡಿವೆಯಂತೆ. ನಮ್ಮ ದೇಶಾನೂ ಸಹಿ ಹಾಕಿದೆ. ಮತ್ತೆ ಸಭೆ ಸೇರ್ತಾರಂತೆ. ಅದ್ರಲ್ಲಿ ಒಂದು ಕಲಮು ಇದೆ. ಬೀಡಿ ಕಟ್ಟೋರಿಗೆ, ತಂಬಾಕು ಬೆಳೆಯೋರಿಗೆ ಬೇರೆ ಕೆಲಸದ ದಾರಿ ಮಾಡ್ಕೊಡಬೇಕು ಅಂತ."

"ಯಾರು ಮಾಡ್ಕೊಡಬೇಕು?"

"ಸರ್ಕಾರ."

"ಎಲ್ಲಿ ಬರೆದಿದೆ? ತೋರ್ಸು."

ಅಮೀರುನ್ನೀಸಾಗೆ ಓದಲು ಬರದು. ಆದರೂ ಮಗಳು ಬೆರಳಿಟ್ಟ ಆ ಸಾಲನ್ನು ಬಹಳ ಹೊತ್ತು ನೋಡಿದಳು. ಪೇಪರನ್ನು ಮಡಚಿ ಕುರಾನ್ ಇಟ್ಟಿದ್ದ ಗೂಡಿನ ಕೆಳಗಿನ ಗೂಡಿನಲ್ಲಿಟ್ಟಳು. ಅವಳು ಹುಚ್ಚಿಯಾದದ್ದು ಆ ದಿನದಿಂದ ಎಂದು ಕೇರಿಯವರು ಹೇಳುತ್ತಾರೆ.

ಹುಚ್ಚು ಅಲ್ಲದೆ ಇನ್ನೇನು? ಭದ್ರಾವತಿಯ ಒಂದು ಸಂದಿಯಲ್ಲಿ ಕೂತ ಬೀಡಿ ಹೆಂಗಸು, ಲೋಕದ ಸಭೆಯಲ್ಲಿ ದೇಶ ಏನು ಮಾತಾಡಬೇಕೆಂದು ದೆಹಲಿಗೆ ಹೇಳಲು ಹೊರಟಳು. ಅವಳು ಹೇಳಬೇಕಾಗಿದ್ದದ್ದು ಎರಡೇ ಮಾತು. "ನಮ್ಮ ಹುಡುಗೀರಿಗೆ ಬೇರೆ ಕೆಲಸ ಕೊಡಿ. ಕೊಟ್ಟು ಬೀಡಿ ನಿಲ್ಸಿ." ಮಗಳು ಅದನ್ನು ಅಂಚೆ ಕಾರ್ಡಿನ ಮೇಲೆ ಬರೆಯುತ್ತಿದ್ದಳು, ಪೋಸ್ಟ್‌ಮ್ಯಾನ್ ಜಟ್ಟಪ್ಪ ಬಂದಾಗ ಅವನ ಕೈಗೇ ಕೊಡುತ್ತಿದ್ದಳು. ತಿಂಗಳಿಗೊಂದರಂತೆ ಎರಡು ವರ್ಷ. ಒಂದಕ್ಕೂ ಉತ್ತರ ಬರಲಿಲ್ಲ. ಮೊಬೈಲಿನಲ್ಲೂ ದೂರು ಹಾಕಿದರು. ಹನ್ನೊಂದನೇ ದಿನ ಮೆಸೇಜು ಬಂತು. "ನಿಮ್ಮ ಅಹವಾಲನ್ನು ಇತ್ಯರ್ಥಪಡಿಸಲಾಗಿದೆ." ಏನು ಇತ್ಯರ್ಥವಾಯಿತೆಂದು ತಾಯಿ ಕೇಳಿದಳು. ಮಗಳು ಉತ್ತರ ಕೊಡಲು ಬಾಯಿ ತೆರೆದಳು, ಕೆಮ್ಮು ಬಂತು.

ಶಿವಮೊಗ್ಗಕ್ಕೆ ಹೋಗಿ ಜನಪ್ರತಿನಿಧಿಯೊಬ್ಬರ ಕಚೇರಿಯ ಬಾಗಿಲಲ್ಲಿ ಮೂರು ಸಲ ನಿಂತಳು. ಮೂರನೇ ಸಲ ಅಲ್ಲಿನ ಗುಮಾಸ್ತ ಹಾಲೇಶ್ ಅರ್ಜಿಯನ್ನು ಓದಿ ತಲೆ ತುರಿಸಿಕೊಂಡ.

"ಅಮ್ಮಾ, ಚರಂಡಿ, ನಲ್ಲಿ, ವಿಧವಾ ವೇತನ ಇದ್ರೆ ಹೇಳಿ, ಈಗ್ಲೇ ಬರ್ಕೋತೀನಿ. ಇದು ದೇಶ-ವಿದೇಶದ ಪಾಲಿಸಿ. ನಿಮಗ್ಯಾಕೆ?"

"ನಾವು ಕಟ್ಟೋ ಬೀಡಿ ಬಗ್ಗೆ ಅಲ್ವಾ ಸಾರ್ ಅವ್ರು ಮಾತಾಡೋದು?"

"ಬೀಡಿ ನಿಮ್ದೇ ಮಾರಾಯ್ತಿ, ಪಾಲಿಸಿ ನಿಮ್ದಲ್ಲ."

ಅವನು ಕೆಟ್ಟವನಲ್ಲ. ನೀರು ಕೊಟ್ಟ. ಅರ್ಜಿಯನ್ನು ಎಲ್ಲಿಡುವುದೆಂದು ತಿಳಿಯದೆ ವಾಪಸು ಕೊಟ್ಟ.

ಆಮೇಲೆ ಒಂದು ಸಂಜೆ ಯೋಗರಾಜ್ ತಾನೇ ಸುದ್ದಿ ಕೊಟ್ಟ. ಲೋಕದ ಸಭೆಗೆ ಮೊದಲು ಬೀಡಿ ಕಾರ್ಮಿಕರ ಅಭಿಪ್ರಾಯ ಕೇಳುತ್ತಾರಂತೆ. ಶಿವಮೊಗ್ಗದ ಗೋಪಾಳದಲ್ಲಿ ಸಭೆ. ಟೆಂಪೊ ಇದೆ, ಊಟ ಇದೆ. ಅಮೀರುನ್ನೀಸಾ ಆ ದಿನ ಮನೆಗೆ ಓಡುತ್ತ ಬಂದಳು. ಮೂವತ್ತನಾಲ್ಕು ವರ್ಷದಲ್ಲಿ ಅವಳು ಓಡಿದ್ದನ್ನು ಗಂಡ ಅಬ್ಬಾಸ್ ಅಲಿ ನೋಡಿರಲಿಲ್ಲ. ನ್ಯೂ ಟೌನ್ ಕಡೆ ಆಟೊ ಓಡಿಸುವ ಮನುಷ್ಯ ಅವನು, ಮಾತು ಕಮ್ಮಿ. "ಹೋಗಿ ಬಾ. ಎರಡೇ ಮಾತು ಹೇಳು. ಮೂರನೇದು ಹೇಳಿದ್ರೆ ಮೊದಲೆರಡು ಮರೀತಾರೆ" ಎಂದ.

ಅವಳು ಎರಡು ಮಾತನ್ನು ಬೀಡಿ ಕಟ್ಟುತ್ತ ಕಟ್ಟುತ್ತ ಬಾಯಿಪಾಠ ಮಾಡಿ, ಮಗಳನ್ನೂ ಕರೆದುಕೊಂಡು ಹೋದಳು.

ಸಭಾಭವನದ ಬಾಗಿಲಲ್ಲಿ ಬೆರಳಿನ ಮೆಷಿನ್ ಇತ್ತು. ಅಲ್ಲೂ ಅವಳ ಬೆರಳು ಹತ್ತಲಿಲ್ಲ. ಹೆಬ್ಬೆಟ್ಟು, ತೋರುಬೆರಳು, ಎಡಗೈ, ಬಲಗೈ. ಕೆಂಪು ದೀಪ, ಕೆಂಪು ದೀಪ. ಹಿಂದಿನ ಸಾಲು ಗೊಣಗಿತು. ಸಭೆ ನಡೆಸುವ ಸಂಸ್ಥೆಯ ಹುಡುಗಿ ಬಂದಳು. ಸುಮನಾ ಎಂದು ಅವಳ ಕೊರಳಪಟ್ಟಿಯಲ್ಲಿತ್ತು. ಬೆಳಿಗ್ಗೆಯಿಂದ ನಿಂತು ಅವಳ ಮುಖವೂ ಸೋತಿತ್ತು.

"ಬೀಡಿ ಕಾರ್ಮಿಕರು ಅನ್ನೋಕೆ ಬೇರೆ ಏನಾದ್ರೂ ಇದೆಯಾ ಅಮ್ಮ?"

ಅಮೀರುನ್ನೀಸಾ ಕಾರ್ಡು ತೆಗೆದು ಕೊಟ್ಟಳು. ಬ್ರಾಂಚಿಗೆ ಹೋದಾಗ ಕೊಡುವ ಹಾಗೆಯೇ ಕೊಟ್ಟಳು, ಯೋಚಿಸಲಿಲ್ಲ. ಸುಮನಾ ಹೆಸರು ಬರೆದು ಪಟ್ಟಿಯನ್ನು ಅವಳ ಕೊರಳಿಗೆ ಹಾಕಿದಳು. ಮುಸರ್ರತ್ ಅದರಲ್ಲಿ ಅಜ್ಜಿಯ ಹೆಸರು ಓದಿ ಪಿಸುಗುಟ್ಟಿದಳು. "ಅಮ್ಮೀ, ದಾದಿ ಹೆಸರು."

"ಇರ್ಲಿ ಬಿಡು. ಒಳಗೆ ಬಿಟ್ರಲ್ಲ."

ಒಳಗೆ ವೇದಿಕೆಯ ಹಿಂದೆ ಗೋಡೆಯಗಲದ ಬ್ಯಾನರಿತ್ತು. ಜಾಗತಿಕ ಅಭಿವೃದ್ಧಿಯ ಗುರಿಗಳು, ಕೆಳಗೆ ಬಣ್ಣದ ಅಕ್ಷರದಲ್ಲಿ "ಯಾರೂ ಹಿಂದುಳಿಯಬಾರದು". ಮುಂದಿನ ನಾಲ್ಕು ಸಾಲಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಬೀಡಿಯವರು ಹಿಂದೆ ಕೂರಬೇಕು ಎಂದರು. ಕೂತರು.

ಟೀ ಹೊತ್ತಿಗೆ ಕ್ಯಾಮೆರಾ ಬಂತು. ಅಮೀರುನ್ನೀಸಾಳನ್ನು ವೇದಿಕೆಯ ಮುಂದೆ ನೆಲದ ಮೇಲೆ ಕೂರಿಸಿ ಮೊರ ಕೊಟ್ಟರು. "ಕಟ್ಟಿ ತೋರ್ಸಿ. ಸೆರಗು ಇನ್ನೂ ಸ್ವಲ್ಪ ಮುಂದಕ್ಕೆ. ನಗಬೇಡಿ." ಮೇಲೆ ಕುರ್ಚಿಯಲ್ಲಿ ಟೀ ಕುಡಿಯುವವರ ಬೂಟುಗಳು ಅವಳ ಕಣ್ಣಿನ ಮಟ್ಟಕ್ಕಿದ್ದವು. ಮನೆಯಲ್ಲಿ ಕಟ್ಟುವಾಗ ಅವಳಿಗೆ ಎಂದೂ ನಾಚಿಕೆಯಾಗಿರಲಿಲ್ಲ. ಅಲ್ಲಿ ಆಯಿತು. ಇಪ್ಪತ್ತೈದು ಬೀಡಿ ಕಟ್ಟಿ, ದಾರ ಸುತ್ತಿ, ಒಂದು ಕಟ್ಟು ಮಾಡಿ ವೇದಿಕೆಯ ಮೇಜಿನ ಮೇಲಿಟ್ಟಳು.

"ಶ್ರೀಮತಿ ಹಾಜಿರಾಬಿ" ಎಂದು ಮೈಕಿನಲ್ಲಿ ಕರೆದರು. ಯಾರೂ ಏಳಲಿಲ್ಲ. ಮುಸರ್ರತ್ ತಾಯಿಯ ಮೊಣಕೈ ತಿವಿದಳು.

ಅವಳು ಎದ್ದಳು. ಮೈಕು ಹಿಡಿದಳು. ಎರಡೇ ಮಾತು ಹೇಳಬೇಕೆಂದು ಬಂದವಳು ಮೂರನೆಯದನ್ನೂ ಹೇಳಿಬಿಟ್ಟಳು.

"ನಮ್ಮ ಹುಡುಗೀರಿಗೆ ಬೇರೆ ಕೆಲಸ ಕೊಡಿ. ಕೊಟ್ಟು ಬೀಡಿ ನಿಲ್ಸಿ. ಬೀಡಿ ಸೇದಿ ಸಾಯೋರ ಬಗ್ಗೆ ಪಾಕೀಟಿನ ಮೇಲೆ ಚಿತ್ರ ಹಾಕ್ತೀರ. ಕಟ್ಟಿ ಸಾಯೋರ ಚಿತ್ರ ಎಲ್ಲಿ ಹಾಕ್ತೀರ? ನನ್ನ ಮಗಳು ಅಲ್ಲಿ ಕೂತಿದಾಳೆ. ಒಂದು ಸಲಾನೂ ಸೇದಿಲ್ಲ. ನೋಡಿ ಬೇಕಾದ್ರೆ."

ಸಭೆ ಚಪ್ಪಾಳೆ ತಟ್ಟಿತು. ವೇದಿಕೆಯ ನಡುವೆ ಕೂತ ಅಧಿಕಾರಿ ಮೊಬೈಲಿನಿಂದ ತಲೆಯೆತ್ತಿ, ತುಂಬಾ ಚೆನ್ನಾಗಿ ಹೇಳಿದಿರಿ ಎಂದರು. ಅಮೀರುನ್ನೀಸಾಳ ಕಣ್ಣು ತುಂಬಿತು. ಎರಡು ವರ್ಷದ ಅಂಚೆ ಕಾರ್ಡುಗಳೆಲ್ಲ ಈ ಒಂದು ದಿನಕ್ಕೇ ಕಾಯುತ್ತಿದ್ದವು ಎನ್ನಿಸಿತು. ಪಾಪ, ಚಪ್ಪಾಳೆ ಕೇಳಿ ಅಭ್ಯಾಸವಿಲ್ಲದವಳು.

ಆ ಖುಷಿಯಲ್ಲೇ ತಪ್ಪಾಯಿತು. ಸುಮನಾ ಒಂದು ಹಾಳೆ ತಂದು ಮುಂದಿಟ್ಟಳು, ಪಕ್ಕದಲ್ಲಿ ನೀಲಿ ಇಂಕಿನ ಪ್ಯಾಡು. ಹೆಬ್ಬೆಟ್ಟು ತಾನೇ ಹೋಯಿತು. ಬ್ರಾಂಚಿನಲ್ಲಿ ಪ್ಯಾಡು ಕಂಡರೆ ಒತ್ತಬೇಕು, ಕೇಳಬಾರದು. ಕೇಳಿದವಳಿಗೆ ನಾಳೆ ಒಡಕು ಎಲೆ ಸಿಗುತ್ತದೆ. ಒಂಬತ್ತು ವರ್ಷ ಸತ್ತವಳ ಹೆಸರಿನ ಮುಂದೆ ಒತ್ತಿ ಪಳಗಿದ ಬೆರಳು ಅದು. ಒತ್ತಿತು. ಹಾಳೆಯ ಮೇಲೆ ಗೆರೆಯೇ ಇಲ್ಲದ ಒಂದು ನೀಲಿ ಮಚ್ಚೆ ಮೂಡಿತು.

ಆಮೇಲೆ ಮುಸರ್ರತ್ ಹಾಳೆಯನ್ನು ಓದಿದಳು. ಇಂಗ್ಲಿಷಿನಲ್ಲಿತ್ತು. ನಿಧಾನವಾಗಿ, ಬೆರಳಿಟ್ಟು ಓದಿದಳು.

"ಅಮ್ಮೀ, ಬೀಡಿ ಕಟ್ಟೋದು ನಮ್ಮ ಮನೆತನದ ಕಸುಬು, ಇದ್ರಿಂದ ನಮಗೆ ಗೌರವ ಸಿಕ್ಕಿದೆ, ಬೇರೆ ಕೆಲಸ ನಮಗೆ ಬೇಡ ಅಂತ ಬರೆದಿದೆ. ನೀನು ಹೇಳ್ದೆ ಅಂತ ಬರೆದಿದೆ."

"ನಾನು ಹೇಳಿದ್ದೇ ಈಗ ತಾನೆ?"

"ಇದನ್ನ ಮೊದಲೇ ಟೈಪ್ ಮಾಡಿದಾರೆ."

ಅಮೀರುನ್ನೀಸಾ ಸುಮನಾಳ ಕೈ ಹಿಡಿದಳು. "ಮೇಡಂ, ಇದು ನನ್ನ ಮಾತಲ್ಲ. ವಾಪಸ್ ಕೊಡಿ."

"ಹಿಂದಿನ ಜಿಲ್ಲೆಯ ಸಭೆಯಲ್ಲೇ ರೆಡಿ ಆಗಿದ್ದ ಪೇಜ್ ಅಮ್ಮ. ಎಲ್ಲಾ ಕಡೆ ಸಮಸ್ಯೆ ಒಂದೇ ಅಲ್ವಾ ಅಂತ..." ಅವಳು ವೇದಿಕೆಯ ಕಡೆ ನೋಡಿದಳು. "ನೀವು ಹೇಳಿದ್ದನ್ನೂ ನೋಟ್ ಮಾಡ್ಕೊಂಡಿದೀನಿ. ಹೆಬ್ಬೆಟ್ಟು ಆಗೋಯ್ತಲ್ಲ."

"ಯಾರ ಹೆಬ್ಬೆಟ್ಟು?"

"ನಿಮ್ದೇ. ಹಾಜಿರಾಬಿ."

ಅಮೀರುನ್ನೀಸಾ ಕೊರಳಪಟ್ಟಿಯನ್ನು ಕಿತ್ತು ತೆಗೆದಳು. ಪಟ್ಟಿ ಹಿಡಿದುಕೊಂಡೇ ವೇದಿಕೆ ಹತ್ತಿದಳು. ಯಾರೂ ಕರೆದಿರಲಿಲ್ಲ. ಅಧಿಕಾರಿಯ ಮುಂದೆ ಪಟ್ಟಿ ಇಟ್ಟಳು.

"ಹಾಜಿರಾಬಿ ನಮ್ಮತ್ತೆ. ಸತ್ತು ಒಂಬತ್ತು ವರ್ಷ ಆಯ್ತು. ಬೇರೆ ಕೆಲಸ ಬೇಡ ಅಂತ ಸತ್ತೋರ ಕೈಲಿ ಹೇಳಿಸ್ಕೊಂಡಿದೀರ. ನಾನು ಅಮೀರುನ್ನೀಸಾ. ನನಗೆ ಬೇಕು. ನನ್ನ ಮಗಳಿಗೆ ಬೇಕು. ಹಾಗಂತ ಬರ್ಕೊಳ್ಳಿ."

ಹಿಂದಿನ ಸಾಲಿನಲ್ಲಿ ಯೋಗರಾಜ್ ಎದ್ದು ನಿಂತಿದ್ದ. ಅಧಿಕಾರಿ ಪಟ್ಟಿಯನ್ನೂ ಅವಳನ್ನೂ ನೋಡಿದರು.

"ನಿಮ್ಮ ಹೆಸರಲ್ಲಿ ಕಾರ್ಡ್ ಇಲ್ವಾ?"

"ಇಲ್ಲ."

"ಹಾಗಾದ್ರೆ ನೀವು ಬೀಡಿ ಕಾರ್ಮಿಕರೇ ಅಲ್ಲ. ಇಲ್ಲಿ ಮಾತಾಡೋಕೆ ಹೇಗೆ ಬಂದ್ರಿ?"

ಅವಳು ಎರಡೂ ಕೈಯನ್ನು ಅವರ ಮುಂದೆ ಚಾಚಿದಳು. ತಂಬಾಕಿನ ಬಣ್ಣ ಚರ್ಮಕ್ಕಿಳಿದ, ಗೆರೆ ಅಳಿದ ಕೈಗಳು.

"ಇದನ್ನ ನೋಡಿ ಹೇಳಿ."

"ಕೈ ನೋಡಿ ಹೇಳೋಕೆ ನಾನೇನು ಜ್ಯೋತಿಷಿನಾ?"

ಮುಂದಿನ ಸಾಲುಗಳು ನಕ್ಕವು. ಬಿಳಿ ಬಟ್ಟೆ ಹೊದ್ದ ನಾಲ್ಕೂ ಸಾಲು ನಕ್ಕವು.

ಎಲೆಗಾಗಿ ಒಂಬತ್ತು ವರ್ಷದ ಹಿಂದೆ ಇಂಥದೇ ನಗುವಿಗೆ ಅವಳೂ ನಕ್ಕಿದ್ದಳು. ಈ ಸಲ ನಗಲಿಲ್ಲ. ಕ್ಯಾಮೆರಾಗೆಂದು ಕಟ್ಟಿದ್ದ ಬೀಡಿ ಕಟ್ಟು ಮೇಜಿನ ಮೇಲೇ ಇತ್ತು. ಎತ್ತಿಕೊಂಡಳು. ದಾರ ಎಳೆದಳು. ಒಂದೊಂದೇ ಬೀಡಿಯ ಸುರುಳಿ ಬಿಚ್ಚಿ ಪುಡಿಯನ್ನು ಅವರ ಫೈಲಿನ ಮೇಲೆ ಉದುರಿಸಿದಳು. ಕಟ್ಟಿದ್ದನ್ನು ಅವಳು ಬಿಚ್ಚಿದ್ದು ಜನ್ಮದಲ್ಲಿ ಅದೇ ಮೊದಲು.

"ಇದನ್ನ ಕಟ್ಟಿದ್ದು ಯಾರು ಸಾರ್? ಸತ್ತೋರಾ?"

ಫ್ಯಾನಿನ ಗಾಳಿಗೆ ಪುಡಿ ಎದ್ದಿತು. ಅಧಿಕಾರಿ ಕರವಸ್ತ್ರ ಹುಡುಕಿದರು. ಕೆಮ್ಮಿದರು. ಮತ್ತೆ ಕೆಮ್ಮಿದರು. ಒಂದು ಕಟ್ಟು ಬೀಡಿಯ ಪುಡಿಗೆ ಅಷ್ಟು ಕೆಮ್ಮು. ಯಾರೋ ಓಡಿಬಂದು ಅವರಿಗೆ ನೀರು ಕೊಟ್ಟರು. ಇನ್ಯಾರೋ ಅಮೀರುನ್ನೀಸಾಳ ರಟ್ಟೆ ಹಿಡಿದು ಕೆಳಗಿಳಿಸಿದರು. ಸುಮನಾ ಬಾಗಿಲವರೆಗೂ ಹಿಂದೆ ಬಂದಳು. "ಆ ಪೇಜ್ ತೆಗೆದುಬಿಡ್ತೀನಿ ಅಮ್ಮ, ನಿಜವಾಗ್ಲೂ ತೆಗೀತೀನಿ" ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಹಾಳೆ ಮಾತ್ರ ಅವಳ ಫೈಲಿನಲ್ಲೇ ಇತ್ತು.

ಟೆಂಪೊದಲ್ಲಿ ತಾಯಿ ಮಗಳಿಬ್ಬರನ್ನೂ ಹತ್ತಿಸಿಕೊಳ್ಳಲಿಲ್ಲ. ಬಸ್ಸಿನಲ್ಲಿ ಬಂದರು.

"ನಿಮ್ಮಮ್ಮ ಸತ್ತಿದಾರೆ ಅಂತ ಎಲ್ಲರ ಮುಂದೆ ಹೇಳಿ ಬಂದೆ" ಎಂದಳು ಗಂಡನಿಗೆ. ಬಯ್ಯುತ್ತಾನೆಂದುಕೊಂಡಿದ್ದಳು. ಅಬ್ಬಾಸ್ ಅಲಿ ಆಟೊ ಒರೆಸುವ ಬಟ್ಟೆಯನ್ನು ಹಿಂಡಿ ಒಣಗಹಾಕಿದ.

"ಒಳ್ಳೇದಾಯ್ತು. ಪಾಪ, ಅಮ್ಮನಿಗೂ ಇನ್ನು ರಜೆ ಸಿಗಲಿ."

ಮರುದಿನ ಬ್ರಾಂಚಿನಲ್ಲಿ ಯೋಗರಾಜ್ ಎಲೆ ತೂಗಲಿಲ್ಲ. ಹಾಜಿರಾಬಿಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿದ್ದ. "ಸತ್ತೋರ ಕಾರ್ಡಲ್ಲಿ ಕೆಲಸ ಮಾಡೋದು ಅಪರಾಧ ಅಮೀರಮ್ಮ. ನನಗೆ ಗೊತ್ತೇ ಇರ್ಲಿಲ್ಲ ನೋಡಿ" ಎಂದ, ಎಲ್ಲರಿಗೂ ಕೇಳುವ ಹಾಗೆ. ನಂತರ ದನಿ ತಗ್ಗಿಸಿದ. "ಬಾಯಿ ಮುಚ್ಕೊಂಡು ಬಂದಿದ್ರೆ ಇವತ್ತೂ ಎಲೆ ಸಿಗ್ತಿತ್ತಲ್ಲ ಮಾರಾಯ್ತಿ." ಸಾಲಿನಲ್ಲಿ ನಿಂತ ಹೆಂಗಸರು ನೆಲ ನೋಡಿದರು. ಅವರಲ್ಲಿ ಎಷ್ಟು ಜನ ಸತ್ತವರ ಹೆಸರಲ್ಲಿ ನಿಂತಿದ್ದರೋ.

ಮೊರವನ್ನು ಗೋಡೆಗೆ ಒರಗಿಸಿಟ್ಟರು. ಮುಸರ್ರತ್‌ಳ ಕೆಮ್ಮು ಸ್ವಲ್ಪ ಇಳಿಯಿತು, ಅಡುಗೆಯ ಪಾತ್ರೆಯೂ ಸಣ್ಣದಾಯಿತು. ಅಮೀರುನ್ನೀಸಾ ನಾಲ್ಕು ಮನೆಯ ಮುಸುರೆ ತಿಕ್ಕಲು ಹೋದಳು. ಆದರೆ ಮೊದಲಿನಿಂದ ಬಗ್ಗಿದ ಸೊಂಟ, ನಿಂತ ಕೆಲಸಕ್ಕೆ ಒಗ್ಗಲಿಲ್ಲ. ಎರಡು ಮನೆಯವರು ಬೇಡವೆಂದರು. ದುಡಿಯದ ದಿನ ಬೆರಳುಗಳು ತೊಡೆಯ ಮೇಲೆ ತಾವೇ ಸುರುಳಿ ಸುತ್ತುತ್ತಿದ್ದವು. ಅದನ್ನು ನೋಡಿ ಮಗಳು ಬೇರೆ ಕಡೆ ತಿರುಗುತ್ತಿದ್ದಳು. "ನಾನೇ ಹೋಗಿ ಯೋಗರಾಜಣ್ಣನ ಕಾಲು ಹಿಡೀತೀನಿ ಅಮ್ಮೀ" ಎಂದಳು ಒಮ್ಮೆ. ತಾಯಿ ಮೊರವನ್ನು ಇನ್ನಷ್ಟು ಮೂಲೆಗೆ ಸರಿಸಿದಳು. ಬೇಡ ಎನ್ನುವ ಶಕ್ತಿ ಎಷ್ಟು ದಿನ ಇರುತ್ತದೋ ಅವಳಿಗೇ ಗೊತ್ತಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಪೋಸ್ಟ್‌ಮ್ಯಾನ್ ಜಟ್ಟಪ್ಪ ಸಂದಿಯ ಬಾಯಲ್ಲೇ ಸೈಕಲ್ ಬೆಲ್ಲು ಹೊಡೆಯುತ್ತ ಬಂದ. ಅವರ ಕಾರ್ಡುಗಳನ್ನೆಲ್ಲ ಒಯ್ದ ಮನುಷ್ಯ, ಒಂದಕ್ಕೂ ಉತ್ತರ ತಂದುಕೊಡಲಾಗದೆ ಈ ಮನೆಯ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದವನು.

"ಅಮೀರಮ್ಮಾ! ಬಂತು ನೋಡಿ! ದೆಹಲಿಯಿಂದ ಬಂದಿದೆ! ಸ್ಪೀಡ್ ಪೋಸ್ಟು!"

ಅಕ್ಕಪಕ್ಕದವರು ಹೊರಗೆ ಬಂದರು. ಅಮೀರುನ್ನೀಸಾ ಸೆರಗಿನಲ್ಲಿ ಕೈ ಒರೆಸಿಕೊಂಡಳು. ದೊಡ್ಡ ಕವರು, ಮೇಲೆ ಸಿಂಹದ ಮುದ್ರೆ. ಒಂದು ಕ್ಷಣ, ಅಲ್ಲಾಹನಾಣೆ, ಒಂದೇ ಕ್ಷಣ, ಎಲ್ಲ ಸರಿಹೋಯಿತು ಎಂದುಕೊಂಡಳು.

ಮುಸರ್ರತ್ ಕವರಿನ ಮೇಲಿನ ಹೆಸರು ಓದಿದಳು. ಇನ್ನೊಮ್ಮೆ ಓದಿದಳು.

"ಯಾರಿಗೆ ಬಂದಿದೆ ಬೇಟಿ?"

"ದಾದಿಗೆ."

ಬಿಸಿಲಿಗೆ ಹಿಡಿದರೆ ಕವರಿನೊಳಗಿನ ಗಟ್ಟಿ ಕಾಗದ ಕಾಣುತ್ತಿತ್ತು. ಚಿನ್ನದ ಬಣ್ಣದ ಅಂಚು. ದಪ್ಪ ಅಕ್ಷರಗಳು ಹೊರಗೇ ಮೂಡಿದ್ದವು. ಪ್ರಶಂಸಾ ಪತ್ರ. ಶ್ರೀಮತಿ ಹಾಜಿರಾಬಿ. ಜಾಗತಿಕ ಅಭಿವೃದ್ಧಿಗೆ ನೀಡಿದ ಅಮೂಲ್ಯ ಅಭಿಪ್ರಾಯಕ್ಕಾಗಿ.

ಹಾಳೆ ತೆಗೆದಿರಲಿಲ್ಲ. ಲೋಕದ ಸಭೆಗೆ ಹಾಜಿರಾಬಿ ಹೋಗಿ ಬಂದಿದ್ದಳು. ಬೇರೆ ಕೆಲಸ ಬೇಡ ಎಂದು ಹೇಳಿ ಬಂದಿದ್ದಳು.

ಜಟ್ಟಪ್ಪನಿಗೆ ಅರ್ಥವಾಗಲಿಲ್ಲ. ಸಹಿ ಬರದವರಿಗೆಂದು ಚೀಲದಲ್ಲಿ ಇಟ್ಟುಕೊಂಡಿದ್ದ ಇಂಕಿನ ಪ್ಯಾಡನ್ನು ತೆರೆದು ಹಿಡಿದ. "ಮನೆಯೋರು ಯಾರಾದ್ರೂ ಒತ್ತಬಹುದು. ಇಲ್ಲಿ ಒತ್ತಿಬಿಡಿ, ಆಯ್ತು."

ಅಮೀರುನ್ನೀಸಾ ಪ್ಯಾಡನ್ನು ನೋಡಿದಳು. ಹೆಬ್ಬೆಟ್ಟು ಅದರ ಹತ್ತಿರದವರೆಗೂ ಹೋಯಿತು. ಅಲ್ಲೇ ಬೆರಳನ್ನು ಮಡಚಿದಳು. ನಾಲ್ಕು ಬೆರಳಿನೊಳಗೆ ಒತ್ತಿ ಹಿಡಿದಳು, ತಪ್ಪಿಸಿಕೊಂಡು ಹೋದೀತೆಂಬಂತೆ.

"ಆ ಹೆಸರಿನೋರು ಖಬರಸ್ತಾನದಲ್ಲಿದಾರೆ ಜಟ್ಟಪ್ಪಣ್ಣ. ವಾಪಸ್ ಕಳ್ಸಿ."

"ವಾಪಸ್ ಕಳ್ಸಬೇಕಂದ್ರೆ ಕಾರಣ ಬರೀಬೇಕು ಅಮೀರಮ್ಮ."

"ಬರೀರಿ."

ಜಟ್ಟಪ್ಪ ಪೆನ್ನು ತೆಗೆದ. ಕವರನ್ನು ಸೈಕಲ್ ಸೀಟಿನ ಮೇಲಿಟ್ಟು, ಸಿಂಹದ ಮುದ್ರೆಯ ಪಕ್ಕದಲ್ಲಿ, ಇಷ್ಟು ವರ್ಷದ ನೌಕರಿಯಲ್ಲಿ ಎಷ್ಟೋ ಸಲ ಬರೆದಿದ್ದ ಎರಡು ಪದ ಬರೆದ. ವಿಳಾಸದಾರರು ಮೃತರು.

"ಇನ್ನೊಂದು ಸಾಲು ಸೇರ್ಸಿ" ಎಂದಳು ಅಮೀರುನ್ನೀಸಾ. "ಸೊಸೆ ಬದುಕಿದಾಳೆ ಅಂತ."

"ಅದಕ್ಕೆ ಜಾಗ ಇಲ್ಲಮ್ಮ ಇದ್ರಲ್ಲಿ" ಎಂದ ಜಟ್ಟಪ್ಪ.

ಅವಳು ಮುಷ್ಟಿ ಬಿಚ್ಚದೆ ನಿಂತಿದ್ದಳು. ಒಳಗೆ ಮುಸರ್ರತ್ ಕೆಮ್ಮತೊಡಗಿದಳು.